ಮತ್ತೆ ಕುದಿಸಿದರೆ ಎಲ್ಲ ಸರಿಹೋಗುತ್ತಾ?

ನಮ್ಮ ತುಮಕೂರು ಕಡೆ ಮದುವೆ, ಗೃಹಪ್ರವೇಶ, ಬೀಗರೂಟ ಅಂತ ಶುರುವಾದರೆ ಊಟ ಮಿಗದ ಮನೆಯೇ ಇಲ್ಲ. ಮಿಕ್ಕಿದ್ದನ್ನು ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ, ಬರಲೂಬಾರದು. ಬಕೆಟ್‌ಗೆ ತುಂಬಿ ಅಕ್ಕಪಕ್ಕದ ಮನೆಗಳಿಗೆ ಕೊಡುತ್ತೇವೆ, ದೂರದಿಂದ ಬಂದವರಿಗೆ ಡಬ್ಬಿಗೆ ಹಾಕಿ ಕಳಿಸುತ್ತೇವೆ, ರಾತ್ರಿ ಅದನ್ನೇ ಒಲೆ ಮೇಲಿಟ್ಟು ಬಿಸಿ ಮಾಡಿ ಉಣ್ಣುತ್ತೇವೆ. ಯಾರಾದರೂ ಅನುಮಾನಪಟ್ಟರೆ ಒಂದೇ ಉತ್ತರ: ‘ಚೆನ್ನಾಗಿ ಕುದಿಸಿಬಿಡು, ಏನೂ ಆಗಲ್ಲ.’

ಈ ಮಾತು ಕೆಲವು ಬ್ಯಾಕ್ಟೀರಿಯಾಗಳ ವಿಷಯದಲ್ಲಿ ನಿಜ. ಕೆಲವುದರ ವಿಷಯದಲ್ಲಿ ಪೂರ್ತಿ ಸುಳ್ಳು. ನಾನು ಮೈಕ್ರೋಬಯಾಲಜಿ ಓದಿ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ನಮ್ಮ ಮನೆಯವರಿಗೆ, ನೆಂಟರಿಗೆ ಇದನ್ನು ಎಷ್ಟೋ ಸಲ ಬಾಯಲ್ಲಿ ಹೇಳಿದ್ದೇನೆ. ಈಗ ಬರೆದೇ ಇಡೋಣ ಅನ್ನಿಸಿತು.

ಅನ್ನದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅನ್ನದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಹೊಟ್ಟೆ ಕೆಟ್ಟರೆ ಪನೀರ್ ಬೈಸಿಕೊಳ್ಳುತ್ತದೆ, ಎಣ್ಣೆ ಬೈಸಿಕೊಳ್ಳುತ್ತದೆ, ನೀರು ಬೈಸಿಕೊಳ್ಳುತ್ತದೆ. ಅನ್ನ ತಪ್ಪಿಸಿಕೊಳ್ಳುತ್ತದೆ. ಆದರೆ ಬ್ಯಾಸಿಲಸ್ ಸಿರಿಯಸ್ ಅನ್ನುವ ಬ್ಯಾಕ್ಟೀರಿಯಾ ಇರುವುದೇ ಮಣ್ಣಿನಲ್ಲಿ. ಗದ್ದೆಯಿಂದ ಭತ್ತಕ್ಕೆ, ಭತ್ತದಿಂದ ಅಕ್ಕಿಗೆ ಬರುತ್ತದೆ. ಬದುಕಲು ಕಷ್ಟವಾದಾಗ ಅದು ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಸ್ಪೋರ್ ಆಗಿಬಿಡುತ್ತದೆ. ಶಿರಾ, ಪಾವಗಡದ ಹೊಲಗಳಲ್ಲಿ ಮಳೆ ಬರುವ ತನಕ ಒಣಮಣ್ಣಿನಲ್ಲಿ ಸುಮ್ಮನೆ ಬಿದ್ದಿರುವ ಬೀಜದ ಹಾಗೆ ಈ ಸ್ಪೋರ್. ಅಕ್ಕಿ ಎಷ್ಟು ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ. ನೂರು ಡಿಗ್ರಿಯಲ್ಲಿ ಅನ್ನ ಕುದಿಯುವಾಗಲೂ ಸಾಯುವುದಿಲ್ಲ. ಅನ್ನ ಬೆಂದು ಇಳಿಸಿ, ಅದು ಆರಿ ಬೆಚ್ಚಗಾಗುವ ಹೊತ್ತಿಗೆ ಇದಕ್ಕೆ ಮಳೆ ಬಂದಂತೆ. ನೀರಿನಂಶ ಇದೆ, ಪಿಷ್ಟ ಇದೆ, ಹದವಾದ ಬಿಸಿ ಇದೆ. ಮೊಳೆತು ಬೆಳೆಯಲು ಶುರು ಮಾಡುತ್ತದೆ.

ಬೆಳೆಯುವಾಗ ಕೆಲವು ತಳಿಗಳು ಸಿರಿಯುಲೈಡ್ ಅನ್ನುವ ವಿಷವನ್ನು ಅನ್ನದಲ್ಲೇ ಬಿಡುತ್ತವೆ. ಇಲ್ಲೇ ನಮ್ಮ ‘ಕುದಿಸಿಬಿಡು’ ಕೆಲಸಕ್ಕೆ ಬಾರದೆ ಹೋಗುವುದು. ಸಿರಿಯುಲೈಡನ್ನು 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಅದು ಕೆಡುವುದಿಲ್ಲ. ಮನೆಯ ಕುಕ್ಕರ್‌ ಒಳಗೆ ಹೆಚ್ಚೆಂದರೆ ಅಷ್ಟು ಬಿಸಿ ಇರುತ್ತದೆ. ಅಂದರೆ ರಾತ್ರಿ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದಾಗ ಬ್ಯಾಕ್ಟೀರಿಯಾ ಸತ್ತಿರಬಹುದು, ವಿಷ ಮಾತ್ರ ಹಾಗೇ ಇರುತ್ತದೆ. ತಿಂದು ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ.

ಗುಬ್ಬಿ ಹತ್ತಿರ ನಮ್ಮ ನೆಂಟರ ಮನೆಯ ಗೃಹಪ್ರವೇಶದಲ್ಲಿ ಇಂಥದ್ದೇ ಆಯಿತು. ಬೇಸಿಗೆ. ಹನ್ನೊಂದರ ಹೊತ್ತಿಗೆ ಅನ್ನ, ಪಲಾವ್ ಎಲ್ಲ ಇಳಿಸಿದ್ದರು. ಮಧ್ಯಾಹ್ನ ಪಂಕ್ತಿಯಲ್ಲಿ ಕೂತು ಉಂಡವರು ಚೆನ್ನಾಗಿದ್ದರು. ಮಿಕ್ಕಿದ್ದನ್ನು ಪ್ಲಾಸ್ಟಿಕ್ ಬಕೆಟ್‌ಗಳಿಗೆ ಒತ್ತಿ ತುಂಬಿ, ಮುಚ್ಚಳ ಹಾಕಿ, ಸಂಜೆ ಬೀದಿಯ ಮನೆಗಳಿಗೆ ಹಂಚಿದರು. ರಾತ್ರಿ ಅದನ್ನು ತಿಂದ ಮನೆಗಳಲ್ಲಿ ಮಲಗುವ ಹೊತ್ತಿಗೆ ವಾಂತಿ ಶುರು. ಜ್ವರ ಇಲ್ಲ, ಬರೀ ವಾಂತಿ, ಹೊಟ್ಟೆ ತೊಳಸುವುದು. ಮಾರನೇ ದಿನ ಹೊಸ ಮನೆಗೆ ದೃಷ್ಟಿ ಆಗಿದೆ ಅಂದರು, ಟ್ಯಾಂಕ್ ನೀರು ಸರಿಯಿಲ್ಲ ಅಂದರು, ಅಡುಗೆಯವರು ಹಳೇ ಎಣ್ಣೆ ಹಾಕಿದ್ದಾರೆ ಅಂದರು. ನಾನು ಯಾರು ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು, ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಕೇಳುತ್ತಾ ಹೋದೆ. ಅದೇ ನೀರು ಕುಡಿದು, ಅದೇ ಎಣ್ಣೆಯ ಅಡುಗೆಯನ್ನು ಮಧ್ಯಾಹ್ನ ತಿಂದವರಿಗೆ ಏನೂ ಆಗಿರಲಿಲ್ಲ. ಬಕೆಟ್‌ನ ಪಲಾವ್ ತಿಂದವರಿಗೆ ಆಗಿತ್ತು. ಪರೀಕ್ಷೆಗೆ ಕೊಡೋಣ ಅಂದರೆ ಅಷ್ಟರಲ್ಲಿ ಬಕೆಟ್‌ಗಳನ್ನು ಉಜ್ಜಿ ತೊಳೆದಾಗಿತ್ತು. ಹಾಗಾಗಿ ಇದೇ ಬ್ಯಾಕ್ಟೀರಿಯಾ ಅಂತ ನಾನು ಬರೆದುಕೊಡಲಾರೆ. ಆದರೆ ಆ ಹೊತ್ತಿನ ಲೆಕ್ಕ, ಆ ಲಕ್ಷಣ ಎರಡೂ ಅತ್ತಲೇ ಬೆರಳು ಮಾಡುತ್ತವೆ.

ದೊಡ್ಡಮ್ಮ ಕೇಳಿದ್ದು, ‘ವಾಸನೆ ಬಂದಿರಲಿಲ್ಲ ಕಣಮ್ಮ, ನಾನೇ ಮೂಸಿ ನೋಡಿ ಕೊಟ್ಟಿದ್ದು.’ ಅವರು ಹೇಳಿದ್ದು ಸುಳ್ಳಲ್ಲ. ಅನ್ನ ಹಳಸುವಂತೆ, ಸಾರಿಗೆ ನೊರೆ ಬರುವಂತೆ ಮಾಡುವ ಬ್ಯಾಕ್ಟೀರಿಯಾಗಳೇ ಬೇರೆ. ನಮಗೆ ಕಾಯಿಲೆ ತರುವವು ಬಹಳಷ್ಟು ಸಲ ರುಚಿ, ವಾಸನೆ, ಬಣ್ಣ ಯಾವುದನ್ನೂ ಬದಲಿಸುವುದಿಲ್ಲ. ಹಳಸಿದ್ದನ್ನು ಮೂಗು ಹಿಡಿಯುತ್ತದೆ, ನಾವು ಚೆಲ್ಲುತ್ತೇವೆ. ಅಪಾಯ ಜಾಸ್ತಿ ಇರುವುದು ಘಮಘಮ ಅನ್ನುತ್ತಿರುವಾಗಲೇ ಕೆಟ್ಟಿರುವ ಊಟದಲ್ಲಿ.

ಬ್ಯಾಸಿಲಸ್ ಸಿರಿಯಸ್ ಹೊಟ್ಟೆ ಕೆಡಿಸುತ್ತದೆ ಅಂತ ಗೊತ್ತಾಗಿದ್ದು ಕೂಡ ಒಂದು ಒಳ್ಳೇ ಕಥೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ನಾರ್ವೆಯಲ್ಲಿ ವೆನಿಲಾ ಸಾಸ್ ತಿಂದ ಎಷ್ಟೋ ಜನರಿಗೆ ಹೊಟ್ಟೆ ಕೆಟ್ಟಿತು. ಜೋಳದ ಪಿಷ್ಟ ಹಾಕಿ ಕುದಿಸಿ, ದೊಡ್ಡ ಪಾತ್ರೆಯಲ್ಲಿ ರಾತ್ರಿಯೆಲ್ಲ ಹೊರಗೇ ಇಟ್ಟಿದ್ದ ಸಾಸ್. ಸ್ಟೈನಾರ್ ಹೌಗೆ ಅನ್ನುವ ವಿಜ್ಞಾನಿಗೆ ಈ ಬ್ಯಾಕ್ಟೀರಿಯಾ ಮೇಲೇ ಅನುಮಾನ. ಅದನ್ನು ಸಾಸ್‌ನಲ್ಲಿ ಬೆಳೆಸಿ ತಾನೇ ಕುಡಿದುಬಿಟ್ಟ. ಹದಿಮೂರು ಗಂಟೆ ಆದ ಮೇಲೆ ಹೊಟ್ಟೆನೋವು, ಭೇದಿ. ಇದು ಅದೇ ಬ್ಯಾಕ್ಟೀರಿಯಾದ ಇನ್ನೊಂದು ಬಗೆ. ಇಲ್ಲಿ ವಿಷ ತಯಾರಾಗುವುದು ನಮ್ಮ ಕರುಳಿನ ಒಳಗೆ, ಅದಕ್ಕೇ ಅಷ್ಟು ತಡ. ಪಿಷ್ಟ, ದೊಡ್ಡ ಪಾತ್ರೆ, ರಾತ್ರಿಯೆಲ್ಲ ಹೊರಗೆ. ನಾರ್ವೆ ಆದರೇನು, ಗುಬ್ಬಿ ಆದರೇನು, ಅಲ್ವಾ.

ಕುದಿಸಿದರೂ ಹೋಗದ ವಿಷದ ಇನ್ನೊಂದು ಬ್ಯಾಕ್ಟೀರಿಯಾ ಸ್ಟ್ಯಾಫಿಲೋಕಾಕಸ್ ಆರಿಯಸ್. ಇದು ಮಣ್ಣಿನಿಂದ ಬರುವುದಲ್ಲ, ನಮ್ಮಿಂದಲೇ ಬರುವುದು. ಹತ್ತು ಜನರಲ್ಲಿ ಸುಮಾರು ಮೂವರ ಮೂಗಿನಲ್ಲಿ ಇದು ಇರುತ್ತದೆ, ಅವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ. ಕೈಯ ಗಾಯದಲ್ಲಿ, ಕೀವು ತುಂಬಿದ ಗುಳ್ಳೆಯಲ್ಲಿ ಲೆಕ್ಕವಿಲ್ಲದಷ್ಟು ಇರುತ್ತದೆ. ಬೆಂದ ಮೇಲೆ ಕೈ ಹಾಕಿ ಮಾಡುವ ಅಡುಗೆಗೆಲ್ಲ ಇದರ ಭಯ ಇದೆ. ಖೋವಾ, ಪೇಡ, ಕ್ರೀಮ್ ಕೇಕ್, ಪನೀರ್, ಕೈಯಲ್ಲೇ ಕಲಸುವ ಮೊಸರನ್ನ. ಉಪ್ಪಿಗೂ ಸಕ್ಕರೆಗೂ ಬೇರೆ ಬ್ಯಾಕ್ಟೀರಿಯಾಗಳು ಹೆದರುವಷ್ಟು ಇದು ಹೆದರುವುದಿಲ್ಲ. ಇದು ಬಿಟ್ಟ ವಿಷ ಅರ್ಧ ಗಂಟೆ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. 1914ರಲ್ಲಿ ಬಾರ್ಬರ್ ಅನ್ನುವ ವಿಜ್ಞಾನಿ ಫಿಲಿಪೈನ್ಸ್‌ನ ಒಂದು ಕಡೆ ಹಸುವಿನ ಹಾಲಿನಲ್ಲಿ ಇದನ್ನು ಕಂಡುಹಿಡಿದ. ಹಸು ನೋಡಲು ಚೆನ್ನಾಗಿಯೇ ಇತ್ತು. ಕರೆದ ಕೂಡಲೇ ಕುಡಿದ ಹಾಲು ಏನೂ ಮಾಡಲಿಲ್ಲ, ಕೆಲವು ಗಂಟೆ ಹೊರಗಿಟ್ಟು ಕುಡಿದಾಗ ಕಾಯಿಲೆ ಬಿದ್ದ. ಅವನೂ ತನ್ನ ಮೇಲೇ ಪ್ರಯೋಗ ಮಾಡಿಕೊಂಡಿದ್ದ. ಹಾಲು ಅದೇ, ಹಸು ಅದೇ. ಮಧ್ಯದ ಗಂಟೆಗಳಷ್ಟೇ ಬದಲಾಗಿದ್ದು.

ನಾನು ಹೇಳಬೇಕಾಗಿರುವುದೂ ಅದೇ. ನಾವು ಅಡುಗೆ ಮನೆ ಸ್ವಚ್ಛ ಇದೆಯಾ, ಹೋಟೆಲ್ ದೊಡ್ಡದಾ ಚಿಕ್ಕದಾ, ಎಣ್ಣೆ ಯಾವುದು ಅಂತೆಲ್ಲ ಕೇಳುತ್ತೇವೆ. ಇಳಿಸಿ ಎಷ್ಟು ಹೊತ್ತಾಯಿತು ಅಂತ ಕೇಳುವುದಿಲ್ಲ. 5 ಡಿಗ್ರಿಗೂ 60 ಡಿಗ್ರಿಗೂ ಮಧ್ಯೆ ಊಟ ಎಷ್ಟು ಗಂಟೆ ಇತ್ತು ಅನ್ನುವುದೇ ದೊಡ್ಡ ಪ್ರಶ್ನೆ. 60ಕ್ಕಿಂತ ಮೇಲೆ, ಅಂದರೆ ಹಬೆಯಾಡುವಷ್ಟು ಬಿಸಿ ಇದ್ದರೆ, ಇವು ಬೆಳೆಯುವುದಿಲ್ಲ. ಫ್ರಿಜ್ಜಿನ ತಣ್ಣನೆಯಲ್ಲಿ ಬಹಳಷ್ಟು ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಇಲ್ಲವೇ ತೀರಾ ನಿಧಾನವಾಗಿ ಬೆಳೆಯುತ್ತವೆ. ಮಧ್ಯದ ಉಗುರುಬೆಚ್ಚಗಿನ ಹೊತ್ತೇ ಅವುಗಳ ಸುಗ್ಗಿ.

ಆ ಸುಗ್ಗಿ ಎಷ್ಟು ಜೋರು ಅಂತ ತಿಳಿಯಬೇಕಾದರೆ ಬೀಗರೂಟದ ಬಾಡಿನ ಸಾರನ್ನೇ ನೋಡಿ. ಕೆಲವು ಕಡೆ ಹಿಂದಿನ ರಾತ್ರಿಯೇ ಮಟನ್ ಬೇಯಿಸಿ ಇಟ್ಟುಬಿಡುತ್ತಾರೆ, ಬೆಳಿಗ್ಗೆ ಕೆಲಸ ಹಗುರ ಆಗಲಿ ಅಂತ. ದೊಡ್ಡ ಕೊಪ್ಪರಿಗೆ, ಮೇಲೆ ತಟ್ಟೆ ಮುಚ್ಚಿದೆ. ಅಂಥ ಪಾತ್ರೆಯ ಅಂಚು ಆರಿದರೂ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಕುದಿಯುವಾಗ ಗಾಳಿಯೆಲ್ಲ ಹೋಗಿರುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಬೇಕಾಗಿರುವುದೇ ಇದು: ಮಾಂಸ, ಬಿಸಿ, ಗಾಳಿ ಇಲ್ಲದ ಜಾಗ. ಇದಕ್ಕೂ ಕುದಿಗೆ ಜಗ್ಗದ ಸ್ಪೋರ್ ಇದೆ. 43ರಿಂದ 47 ಡಿಗ್ರಿ ಹತ್ತಿರ ಇದು ಹತ್ತು ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲದು. ಒಂದೇ ಒಂದು ಇತ್ತು ಅಂದುಕೊಳ್ಳಿ. ಒಂದು ಗಂಟೆಗೆ 64. ಎರಡು ಗಂಟೆಗೆ 4096. ಮೂರು ಗಂಟೆಗೆ ಎರಡೂವರೆ ಲಕ್ಷ ದಾಟುತ್ತದೆ. ಇಡೀ ರಾತ್ರಿ ಇಟ್ಟರೆ ಏನಾಗುತ್ತದೆ ಅಂತ ಲೆಕ್ಕ ಹಾಕುವುದೇ ಬೇಡ.

ಆದರೆ ಇದರ ವಿಷಯದಲ್ಲಿ ‘ಕುದಿಸಿಬಿಡು’ ಅನ್ನುವ ಮಾತು ಸರಿ. ಪರ್ಫ್ರಿಂಜೆನ್ಸ್ ಜೀವಂತವಾಗಿ ನಮ್ಮ ಕರುಳು ಸೇರಿದ ಮೇಲೆ ವಿಷ ಬಿಡುವುದು. ಹಾಗಾಗಿ ಬೆಳಿಗ್ಗೆ ಸಾರನ್ನು ಕೊತಕೊತ ಕುದಿಸಿದರೆ ಬೆಳೆದ ಬ್ಯಾಕ್ಟೀರಿಯಾ ಸಾಯುತ್ತದೆ. ತೊಂದರೆ ಏನೆಂದರೆ, ಅಷ್ಟು ದೊಡ್ಡ ಪಾತ್ರೆಯನ್ನು ತಳದವರೆಗೆ ಕೆದಕಿ ಕುದಿಸುವ ಪುರುಸೊತ್ತು ಆ ಗಡಿಬಿಡಿಯಲ್ಲಿ ಯಾರಿಗಿರುತ್ತದೆ? ಅಂಚಿನಲ್ಲಿ ಗುಳ್ಳೆ ಬಂದರೆ ಬಿಸಿಯಾಯಿತು ಅಂತ ಬಡಿಸಲು ಶುರು. ತಿಂದ ಆರರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಹೊಟ್ಟೆ ಹಿಂಡಿ ಹಿಂಡಿ ಭೇದಿ. ವಾಂತಿ, ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಬಹಳ ಜನ ಇದನ್ನು ‘ಬಾಡು ಜಾಸ್ತಿ ತಿಂದೆ, ಅರಗಲಿಲ್ಲ’ ಅಂತ ಬಿಟ್ಟುಬಿಡುತ್ತಾರೆ.

ಹಾಗಾದರೆ ಯುಗಾದಿಯ ಒಬ್ಬಟ್ಟಿನ ಸಾರು? ಅದನ್ನು ದಿನಾ ಕುದಿಸಿ ಕುದಿಸಿ ಮೂರ್ನಾಲ್ಕು ದಿನ ಉಣ್ಣುವುದು ನಮ್ಮ ಕಡೆಯ ಪದ್ಧತಿ, ದಿನ ಕಳೆದಷ್ಟೂ ರುಚಿ ಅನ್ನುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ. ನಮ್ಮ ಅಜ್ಜಿ ಬೆಳಿಗ್ಗೆ ಒಂದು ಕುದಿ, ರಾತ್ರಿ ಮಲಗುವ ಮುಂಚೆ ಒಂದು ಕುದಿ ತಪ್ಪಿಸುತ್ತಿರಲಿಲ್ಲ, ಕುದಿಸಿದ ಮೇಲೆ ಸೌಟು ಹಾಕಲು ಬಿಡುತ್ತಿರಲಿಲ್ಲ. ಅದರಲ್ಲಿ ಬುದ್ಧಿವಂತಿಕೆ ಇದೆ. ಹುಣಸೆಹುಳಿ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುತ್ತದೆ, ದಿನಕ್ಕೆರಡು ಕುದಿ ಬೆಳೆದದ್ದನ್ನು ಸಾಯಿಸುತ್ತದೆ, ಎಂಜಲು ಸೌಟು ಬೀಳದಿದ್ದರೆ ಹೊಸದು ಸೇರುವುದಿಲ್ಲ. ಆದರೂ ಫ್ರಿಜ್ ಇರುವ ಮನೆಯಲ್ಲಿ ನಾನು ಹೇಳುವುದು, ಮೊದಲ ದಿನವೇ ಸಣ್ಣ ಸಣ್ಣ ಪಾತ್ರೆಗೆ ಹಂಚಿ ಒಳಗಿಡಿ, ಬೇಕಾದಷ್ಟು ಮಾತ್ರ ತೆಗೆದು ಕುದಿಸಿ. ರುಚಿಗೇನೂ ಕಮ್ಮಿ ಆಗುವುದಿಲ್ಲ.

ಹಳಬರ ಇನ್ನೂ ಕೆಲವು ಅಭ್ಯಾಸಗಳು ನೋಡಿದರೆ ಖುಷಿಯಾಗುತ್ತದೆ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಇಡುವುದು. ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಆಗಿಬರುವುದಿಲ್ಲ. ದೂರದ ಪ್ರಯಾಣಕ್ಕೆ, ಎಡೆಯೂರು ಜಾತ್ರೆಗೆ, ತಿರುಪತಿಗೆ ಹೋಗುವಾಗ ಪುಳಿಯೋಗರೆ ಕಟ್ಟಿಕೊಂಡು ಹೋಗುವುದು. ಹುಣಸೆಗೊಜ್ಜು, ಎಣ್ಣೆ, ಉಪ್ಪು ಅನ್ನದ ಪ್ರತಿ ಅಗುಳಿಗೂ ಹತ್ತಿರುತ್ತದೆ, ಅದಕ್ಕೇ ತಡೆಯುತ್ತದೆ. ಬುತ್ತಿಗೆ ಪಲಾವ್, ಘೀರೈಸ್ ಕಟ್ಟುವ ಈಗಿನ ಅಭ್ಯಾಸಕ್ಕಿಂತ ಇದು ಎಷ್ಟೋ ಮೇಲು. ಮೇಲೆ ಒಂದು ಹೋಳು ನಿಂಬೆಹಣ್ಣು ಹಿಂಡಿದ ಚಿತ್ರಾನ್ನ ಅದಕ್ಕೆ ಸಮ ಅಲ್ಲ, ಹುಳಿ ಎಲ್ಲ ಕಡೆ ಸಮನಾಗಿ ಸೇರಿರುವುದಿಲ್ಲ. ಪುಳಿಯೋಗರೆ ಕಟ್ಟುವಾಗಲೂ ಅನ್ನವನ್ನು ಅಗಲ ತಟ್ಟೆಯಲ್ಲಿ ಹರವಿ ಪೂರ್ತಿ ಆರಿಸಿಯೇ ಕಲಸಬೇಕು. ಬಿಸಿಬಿಸಿ ತುಂಬಿ ಮುಚ್ಚಿದರೆ ಹುಳಿಯ ಮೇಲೆ ಪೂರ್ತಿ ಭಾರ ಹಾಕಿದಂತೆ.

ಇನ್ನು ತಟ್ಟೆ ಇಡ್ಲಿ. ಕ್ಯಾತ್ಸಂದ್ರದ ಹೆಸರು ಹೇಳದೆ ತುಮಕೂರಿನವಳು ಊಟದ ಬಗ್ಗೆ ಬರೆಯುವುದು ಹೇಗೆ? ಇಡ್ಲಿ ತುಂಬ ಸುರಕ್ಷಿತ ತಿಂಡಿ. ಹಿಟ್ಟು ಹುಳಿ ಬಂದಿರುತ್ತದೆ, ಹಬೆಯಲ್ಲಿ ಬೇಯುತ್ತದೆ, ಅಲ್ಲೇ ತೆಗೆದು ತಟ್ಟೆಗೆ ಹಾಕುತ್ತಾರೆ. ನಾನು ಕಣ್ಣಿಡುವುದು ಪಕ್ಕದ ಚಟ್ನಿ ಮೇಲೆ. ತೆಂಗಿನ ನಾಡು ನಮ್ಮದು, ಕಾಯಿ ಚಟ್ನಿಗೆ ಕೊರತೆ ಇಲ್ಲ. ಆದರೆ ಕಾಯಿ ಚಟ್ನಿಯನ್ನು ಬೇಯಿಸುವುದಿಲ್ಲ. ಹಸಿಕಾಯಿ, ಹಸಿ ಕೊತ್ತಂಬರಿ, ನೀರು, ರುಬ್ಬುವ ಜಾರ್, ಬಡಿಸುವ ಕೈ, ಇಷ್ಟು ಕಡೆಯಿಂದ ಬ್ಯಾಕ್ಟೀರಿಯಾ ಬರಲು ದಾರಿ ಇದೆ. ಹುಳಿ ಕಮ್ಮಿ, ನೀರು ಜಾಸ್ತಿ. ಬೆಳಿಗ್ಗೆ ಆರಕ್ಕೆ ರುಬ್ಬಿದ ಚಟ್ನಿ ಬಕೆಟ್‌ನಲ್ಲಿ ಹನ್ನೊಂದರವರೆಗೂ ಇರುತ್ತದೆ, ಕಮ್ಮಿಯಾದಾಗ ಹೊಸದನ್ನು ಅದರ ಮೇಲೇ ಸುರಿಯುತ್ತಾರೆ. ಚಟ್ನಿಯನ್ನು ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ರುಬ್ಬಿ, ಪಾತ್ರೆ ಬದಲಿಸುವ ಹೋಟೆಲ್‌ಗೆ ನಾನು ಮತ್ತೆ ಮತ್ತೆ ಹೋಗುತ್ತೇನೆ. ಸಂಜೆ ಹೊತ್ತು ಕಾಯಿ ಚಟ್ನಿ ಕೊಟ್ಟರೆ ಈಗ ರುಬ್ಬಿದ್ದಾ ಅಂತ ಕೇಳುತ್ತೇನೆ. ಅನುಮಾನ ಇದ್ದರೆ ಸಾಂಬಾರ್ ಸಾಕು.

ಅಡುಗೆ ದೊಡ್ಡದಾದ ಮಾತ್ರಕ್ಕೆ ಅಪಾಯ ಅಂತಲೂ ಅಲ್ಲ. ಸಿದ್ಧಗಂಗಾ ಮಠದಲ್ಲಿ ದಿನವೂ ಸಾವಿರಾರು ಮಕ್ಕಳು ಉಣ್ಣುತ್ತಾರೆ. ಇಳಿಸಿದ್ದು ಬೇಗ ಬೇಗ ಖಾಲಿಯಾಗುತ್ತಿದ್ದರೆ ಬ್ಯಾಕ್ಟೀರಿಯಾಕ್ಕೆ ಸಿಗಬೇಕಾದ ಆ ಗಂಟೆಗಳೇ ಸಿಗುವುದಿಲ್ಲ. ಹತ್ತು ಸಾವಿರ ಜನರಿಗೆ ಬಿಸಿಬಿಸಿ ಬಡಿಸಿದ ಊಟಕ್ಕಿಂತ, ನಾಲ್ಕು ಜನರ ಮನೆಯಲ್ಲಿ ಮಧ್ಯಾಹ್ನದಿಂದ ಕಟ್ಟೆ ಮೇಲಿದ್ದ ಅನ್ನ ಜಾಸ್ತಿ ಅಪಾಯ.

ಮನೆಯಲ್ಲಿ ಮಾಡಬೇಕಾಗಿರುವುದು ಕಷ್ಟದ್ದೇನಲ್ಲ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಮಿಕ್ಕಿದ್ದು ಫ್ರಿಜ್ಜಿಗೆ ಹೋಗಬೇಕು, ಏಪ್ರಿಲ್ ಬಿಸಿಲಿನಲ್ಲಿ ಒಂದು ಗಂಟೆಯೊಳಗೆ. ಬಿಸಿ ಇದ್ದದ್ದನ್ನು ಫ್ರಿಜ್ಜಿಗೆ ಇಡಬಾರದು ಅಂತ ಕಾಯುತ್ತಾ ಕೂತು ಮರೆತು ಮಲಗುವವರೇ ಜಾಸ್ತಿ. ಅಗಲ ತಟ್ಟೆಗೆ ತೆಳ್ಳಗೆ ಹರವಿದರೆ ಅನ್ನ ಬೇಗ ಆರುತ್ತದೆ, ಸ್ವಲ್ಪ ಬೆಚ್ಚಗಿದ್ದರೂ ಇಡಬಹುದು. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ. ಮುಚ್ಚಿಯೇ ಇದ್ದರೆ ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ. ಫ್ರಿಜ್ಜನ್ನೂ ಅತಿಯಾಗಿ ನಂಬಬೇಡಿ. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಆ ತಣ್ಣನೆಯಲ್ಲೂ ನಿಧಾನವಾಗಿ ಬೆಳೆಯುತ್ತದೆ, ಅದು ಬಸುರಿಯರಿಗೆ ತುಂಬ ಕೆಟ್ಟದ್ದು, ಗರ್ಭ ಇಳಿಯಬಹುದು. ಮನೆಯಲ್ಲಿ ಬಸುರಿ ಇದ್ದರೆ ಅವರಿಗೆ ವಾರದ ಹಳೆಯದ್ದು, ಕಾಯಿಸದ ಹಾಲು, ಅದರಿಂದ ಮಾಡಿದ ಪನೀರ್ ಇವೆಲ್ಲ ಬೇಡವೇ ಬೇಡ.

ಕೋಳಿ ವಿಷಯಕ್ಕೆ ಬಂದರೆ ನಮ್ಮಲ್ಲಿ ಅರಿಶಿನ ಉಪ್ಪು ಹಾಕಿ ನಲ್ಲಿ ಕೆಳಗೆ ತಿಕ್ಕಿ ತೊಳೆಯುತ್ತಾರೆ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಎರಡೂ ಇರಬಹುದು. ನೀರಿನ ತುಂತುರು ಸಿಂಕಿನ ಸುತ್ತ, ಪಕ್ಕದ ಸೌತೆಕಾಯಿ ಮೇಲೆ, ತೊಳೆದಿಟ್ಟ ತಟ್ಟೆ ಮೇಲೆ ಹಾರುತ್ತದೆ. ಕೋಳಿ ಬೆಂದಾಗ ಅದರಲ್ಲಿದ್ದದ್ದು ಸಾಯುತ್ತದೆ, ಸೌತೆಕಾಯಿಯನ್ನು ಯಾರೂ ಬೇಯಿಸುವುದಿಲ್ಲವಲ್ಲ. ತೊಳೆಯಲೇಬೇಕು ಅನ್ನುವವರು ಪಾತ್ರೆಯಲ್ಲಿ ನೀರು ಹಾಕಿ ನಿಧಾನವಾಗಿ ತೊಳೆದು ಚೆಲ್ಲಿ, ಆಮೇಲೆ ಸಿಂಕ್, ಮಣೆ, ಚಾಕು, ಕೈ ಎಲ್ಲ ಸೋಪು ಹಾಕಿ ತೊಳೆಯಿರಿ. ಜಿಮ್‌ಗೆ ಹೋಗುವ ಹುಡುಗರು ನಾಟಿ ಮೊಟ್ಟೆಯನ್ನು ಹಸಿಯಾಗಿ ಕುಡಿಯುವುದು, ಮಕ್ಕಳಿಗೆ ಶಕ್ತಿ ಬರುತ್ತದೆ ಅಂತ ನೊರೆಹಾಲು ಕುಡಿಸುವುದು, ಎರಡೂ ಬೇಡ. ಹಾಲು ಉಕ್ಕಿ ಬರುವವರೆಗೆ ಕಾಯಿಸುವ ನಮ್ಮ ಪದ್ಧತಿ ಚೆನ್ನಾಗಿದೆ, ಅದನ್ನು ಬಿಡಬೇಡಿ.

ಹೊಟ್ಟೆ ಕೆಟ್ಟಾಗ ಕೊನೆಗೆ ತಿಂದದ್ದನ್ನು ಬೈಯುವುದು ನಮ್ಮೆಲ್ಲರ ಅಭ್ಯಾಸ. ಗಡಿಯಾರ ನೋಡಿದರೆ ಬೇರೆ ಉತ್ತರ ಸಿಗುತ್ತದೆ. ತಿಂದ ಕೆಲವೇ ಗಂಟೆಯಲ್ಲಿ ವಾಂತಿ ಬಂದರೆ ಊಟದಲ್ಲೇ ತಯಾರಾಗಿದ್ದ ವಿಷ, ಸಿರಿಯಸ್ ಇಲ್ಲವೇ ಸ್ಟ್ಯಾಫ್. ಜ್ವರ, ಭೇದಿ, ಹೊಟ್ಟೆನೋವು ಒಟ್ಟಿಗೆ ಬಂದರೆ ಸಾಲ್ಮೊನೆಲ್ಲಾ ಇರಬಹುದು, ಅದಕ್ಕೆ ಆರು ಗಂಟೆಯಿಂದ ಆರು ದಿನದವರೆಗೂ ಹಿಡಿಯುತ್ತದೆ. ಕ್ಯಾಂಪೈಲೋಬ್ಯಾಕ್ಟರ್‌ಗೆ ಎರಡರಿಂದ ಐದು ದಿನ. ಲಿಸ್ಟೀರಿಯಾಗೆ ವಾರಗಳೇ ಬೇಕಾಗಬಹುದು. ಭಾನುವಾರದ ಕೋಳಿಗೆ ಬುಧವಾರ ಹೊಟ್ಟೆ ಕೆಟ್ಟು, ಪಾಪ ಮಂಗಳವಾರ ರಾತ್ರಿ ತಿಂದ ದೋಸೆಗೆ ಕೆಟ್ಟ ಹೆಸರು ಬರುತ್ತದೆ. ಒಂದು ಮಾತು ಮಾತ್ರ ಬೇರೆಯಾಗಿ ಹೇಳಬೇಕು. ತಿಂದ ಸ್ವಲ್ಪ ಹೊತ್ತಿಗೇ ಬಾಯಲ್ಲಿ ಜೊಲ್ಲು ಸುರಿದು, ಬೆವರಿ, ಕಣ್ಣು ಮಂಜಾಗಿ, ಉಸಿರು ಕಟ್ಟಿದರೆ ಅದು ಬ್ಯಾಕ್ಟೀರಿಯಾ ಅಲ್ಲ, ಕೀಟನಾಶಕ ಇರಬಹುದು. 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದ ತಿಂದು 17 ಜನ ಸತ್ತದ್ದು ಅದರಿಂದ. ಅಂಥ ಹೊತ್ತಲ್ಲಿ ಮನೆಮದ್ದು ಮಾಡುತ್ತಾ ಕೂರಬಾರದು, ನೇರ ಆಸ್ಪತ್ರೆಗೆ.

ಬ್ಯಾಕ್ಟೀರಿಯಾದಿಂದ ಆದ ವಾಂತಿ ಭೇದಿ ಬಹಳಷ್ಟು ಸಲ ಒಂದೆರಡು ದಿನದಲ್ಲಿ ತಾನಾಗಿಯೇ ನಿಲ್ಲುತ್ತದೆ. ಸಾಯಿಸುವುದು ಮೈಯಿಂದ ನೀರು, ಉಪ್ಪು ಹೋಗಿಬಿಡುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಕೆಟ್ಟ ಆಹಾರದಿಂದ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4 ಲಕ್ಷ 20 ಸಾವಿರ ಜನ ಸಾಯುತ್ತಾರೆ. ಅದರಲ್ಲಿ 1 ಲಕ್ಷ 25 ಸಾವಿರ ಐದು ವರ್ಷದೊಳಗಿನ ಮಕ್ಕಳು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ, ಯಾಕೆಂದರೆ ಮದ್ದು ಅಷ್ಟು ಅಗ್ಗ. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯ, ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಬಾಟಲಿ ಮುಗಿದುಹೋದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ನೀರಿಗೆ ಕಲಸಿ ಡ್ರಮ್‌ಗಳಲ್ಲಿ ಇಟ್ಟು ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಬಂತು. ಆ ಮನುಷ್ಯನ ಫೋಟೋ ಪ್ರತಿ ಶಾಲೆಯಲ್ಲೂ ಇರಬೇಕಿತ್ತು.

ಇದೇ ಬಗೆಯ ಉಪ್ಪು, ಗ್ಲೂಕೋಸ್ ಮಿಶ್ರಣವೇ ಈಗಿನ ಓಆರ್‌ಎಸ್. ಅದರ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ, ಒಂದೇ ಸಲ ಹಾಕಬೇಕು. ಲೋಟಕ್ಕೆ ಒಂದು ಚಿಟಿಕೆ ಹಾಕಿ ಕೊಡುವವರನ್ನು ನೋಡಿದ್ದೇನೆ, ಹದ ತಪ್ಪಿದರೆ ಮಕ್ಕಳಿಗೆ ಕಷ್ಟ. ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟು ನೀರು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು, ಎಲ್ಲ ಸಮಮಟ್ಟ, ರಾಶಿ ಅಲ್ಲ. ವಾಂತಿ ಆಗುತ್ತಿದ್ದರೆ ಚಮಚ ಚಮಚವಾಗಿ ಕೊಡಿ. ಟೆಟ್ರಾ ಪ್ಯಾಕ್‌ನಲ್ಲಿ ಬರುವ ಸಿಹಿ ಜ್ಯೂಸ್ ಓಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆದೇಶವನ್ನೇ ಮಾಡಿತು. ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ಆ್ಯಂಟಿಬಯೋಟಿಕ್ ನುಂಗಬೇಡಿ, ಊಟದಲ್ಲಿದ್ದ ವಿಷಕ್ಕೆ ಅದು ಏನೂ ಮಾಡುವುದಿಲ್ಲ. ಭೇದಿಯಲ್ಲಿ ರಕ್ತ ಬಂದರೆ, ಜ್ವರ ಜೋರಾದರೆ, ಉಚ್ಚೆ ಕಮ್ಮಿಯಾದರೆ, ಮಗು ಮಂಕಾಗಿ ಕಣ್ಣು ಗುಳಿಬಿದ್ದರೆ, ಕುಡಿಸಿದ್ದು ಒಂದು ಗುಟುಕೂ ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ರಕ್ತ ಬರುವಾಗ ಭೇದಿ ನಿಲ್ಲಿಸುವ ಮಾತ್ರೆ ತಿನ್ನಬಾರದು.

ಒಂದೇ ಊಟ ಉಂಡ ಎರಡು ಮೂರು ಮನೆಯವರಿಗೆ ಒಟ್ಟಿಗೆ ಹೀಗಾದರೆ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕೂಡಲೇ ತಿಳಿಸಿ. ಅಡುಗೆಯವರ ಜೊತೆ ಜಗಳ ಆಮೇಲೆ ಆಡಬಹುದು. ಮಿಕ್ಕ ಊಟವನ್ನು ಪೂರ್ತಿ ಚೆಲ್ಲಬೇಡಿ. ಒಂದು ಗ್ರಾಂ ಅನ್ನದಲ್ಲಿ ಸಿರಿಯಸ್ ಒಂದು ಲಕ್ಷಕ್ಕಿಂತ ಜಾಸ್ತಿ ಸಿಕ್ಕರೆ ಅದು ಗಟ್ಟಿ ಸಾಕ್ಷಿ, ಆದರೆ ಲ್ಯಾಬ್‌ಗೆ ಅನ್ನವೇ ಬರದಿದ್ದರೆ ನಾವು ಏನನ್ನು ಎಣಿಸುವುದು? ಅನ್ನ, ಸಾರು, ಪಲ್ಯ, ಚಟ್ನಿ ಯಾವುದಿದೆಯೋ ಅದನ್ನು ಒಂದೊಂದು ಹಿಡಿ, ಬೇರೆ ಬೇರೆ ಡಬ್ಬಿಯಲ್ಲಿ, ಬೇರೆ ಬೇರೆ ಸ್ವಚ್ಛ ಚಮಚದಿಂದ ಹಾಕಿ. ಮೇಲೆ ಏನು, ಯಾವಾಗ ಬೇಯಿಸಿದ್ದು ಅಂತ ಬರೆದು, ತಿನ್ನಬೇಡಿ ಅಂತಲೂ ಬರೆದು ಫ್ರಿಜ್‌ನ ಕೆಳಗಿನ ಭಾಗದಲ್ಲಿಡಿ. ಫ್ರೀಜರ್‌ಗೆ ಹಾಕಬೇಡಿ. ಆ ಚಳಿಯಲ್ಲಿ ಪರ್ಫ್ರಿಂಜೆನ್ಸ್ ಸತ್ತುಹೋಗುತ್ತದೆ, ಆಮೇಲೆ ನಾವು ಎಷ್ಟು ಹುಡುಕಿದರೂ ಬಾಡಿನ ಸಾರಿನಲ್ಲಿ ಏನೂ ಇರಲಿಲ್ಲ ಅಂತ ರಿಪೋರ್ಟ್ ಬರುತ್ತದೆ.